ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸುರಿಯುವ ಮೊದಲು ರ‍್ಯಾಮ್ ನೋಡಿ

ಎಂಜಿನಿಯರಿಂಗ್ ಸೀಟು ಖಾತ್ರಿಯಾಗುವ ದಿನಗಳಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಲ್ಯಾಪ್‌ಟಾಪ್ ಅಂಗಡಿಗಳಲ್ಲಿ ಪದೇ ಪದೇ ಕೇಳಿಬರುವ ಪ್ರಶ್ನೆ, ‘ಇದರಲ್ಲಿ ಗ್ರಾಫಿಕ್ಸ್ ಕಾರ್ಡ್ ಇದೆಯಾ ಸಾರ್?’ ಇಲ್ಲ ಅಂದರೆ ಅಪ್ಪಂದಿರ ಮುಖ ಸಣ್ಣದಾಗುತ್ತದೆ. ಕೆಲವರು ‘ಈಗ ಬೇಡ, ಮುಂದೆ ಬೇಕಾದ್ರೆ ಹಾಕಿಸಿಕೊಳ್ತೀವಿ’ ಅನ್ನುತ್ತಾರೆ. ಅದು ಆಗದ ಮಾತು. ಡೆಸ್ಕ್‌ಟಾಪಿನಲ್ಲಿ ಕಾರ್ಡು ಕಿತ್ತು ಬೇರೆಯದನ್ನು ಕೂರಿಸಬಹುದು. ಲ್ಯಾಪ್‌ಟಾಪಿನಲ್ಲಿ ಹೆಸರಿಗಷ್ಟೇ ಕಾರ್ಡು. ಬಹುಪಾಲು ಮಾಡೆಲ್‌ಗಳಲ್ಲಿ ಆ ಚಿಪ್ಪು ಮದರ್‌ಬೋರ್ಡಿಗೇ ಬೆಸುಗೆಯಾಗಿರುತ್ತದೆ.

ಹಾಗಂತ ಕಾರ್ಡು ಇಲ್ಲದ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸೇ ಇಲ್ಲ ಎಂದಲ್ಲ. ಪ್ರೊಸೆಸರ್‌ನೊಳಗೇ ಪರದೆಯ ಮೇಲೆ ಚಿತ್ರ ಮೂಡಿಸುವ ಒಂದು ಗ್ರಾಫಿಕ್ಸ್ ಭಾಗವಿರುತ್ತದೆ. ಅದೇ ಇಂಟಿಗ್ರೇಟೆಡ್. ಅದಕ್ಕೆ ಸ್ವಂತ ಮೆಮೊರಿ ಇಲ್ಲ, ಇಡೀ ಲ್ಯಾಪ್‌ಟಾಪಿನ ಕೆಲಸದ ಮೆಮೊರಿಯಾದ ರ‍್ಯಾಮ್‌ನಲ್ಲೇ ಪಾಲು ಪಡೆಯಬೇಕು. ಡೆಡಿಕೇಟೆಡ್ ಅಂದರೆ ಬೇರೆಯೇ ಚಿಪ್ಪು, ಅದರ ಸುತ್ತ ಅದಕ್ಕೆಂದೇ ಮೀಸಲಾದ ಮೆಮೊರಿ. ವ್ಯತ್ಯಾಸದ ಬೇರು ಇರುವುದು ಈ ಮೆಮೊರಿಯಲ್ಲಿ.

ಡಿಡಿಆರ್4-3200 ಬಗೆಯ ರ‍್ಯಾಮ್‌ನ ಒಂದು ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಡೇಟಾ ಕೊಡಬಲ್ಲದು. ಎರಡು ಸ್ಟಿಕ್ ಹಾಕಿದರೆ 51.2. ಎನ್‌ವಿಡಿಯಾ ಕಂಪನಿಯ ಡೆಡಿಕೇಟೆಡ್ ಚಿಪ್ಪು ಆರ್‌ಟಿಎಕ್ಸ್ 4050ರ ಲ್ಯಾಪ್‌ಟಾಪ್ ಆವೃತ್ತಿಯ ಸ್ವಂತ ಮೆಮೊರಿ ಸೆಕೆಂಡಿಗೆ 192 ಜಿಬಿ ಕೊಡುತ್ತದೆ. ಇಂಟಿಗ್ರೇಟೆಡ್‌ನಲ್ಲಿ ಆ ಸಣ್ಣ ಮೊತ್ತವನ್ನೂ ಪ್ರೊಸೆಸರ್ ಜೊತೆ ಹಂಚಿಕೊಳ್ಳಬೇಕು: ಒಂದೇ ರಾಟೆಯ ಬಾವಿಗೆ ಇಬ್ಬರು ಕೊಡ ಹಿಡಿದು ನಿಂತ ಹಾಗೆ. ಎರಡನೇ ಸ್ಟಿಕ್ ಅಂದರೆ ಎರಡನೇ ರಾಟೆ.

ನಮ್ಮಲ್ಲಿ ಮಾರಾಟವಾಗುವ ಎಷ್ಟೋ ಲ್ಯಾಪ್‌ಟಾಪ್‌ಗಳು ಈ ಎರಡನೇ ರಾಟೆ ಇಲ್ಲದೆಯೇ ಬರುತ್ತವೆ. ರಿಪೇರಿ ಟೇಬಲ್ಲಿನ ಮೇಲೆ ನಾನು ಮತ್ತೆ ಮತ್ತೆ ನೋಡುವ ನೋಟ ಇದು: ಇಂಟೆಲ್ 11 ಅಥವಾ 12ನೇ ಪೀಳಿಗೆಯ ಐ5, ‘ನಿಧಾನ’ ಎಂಬ ದೂರು. ಹಿಂಬದಿ ಬಿಚ್ಚಿದರೆ 8 ಜಿಬಿಯ ಒಂದೇ ಸ್ಟಿಕ್, ಪಕ್ಕದ ಸ್ಲಾಟ್ ಖಾಲಿ. ಡಿವೈಸ್ ಮ್ಯಾನೇಜರ್ ತೆರೆದರೆ ‘ಯುಎಚ್‌ಡಿ ಗ್ರಾಫಿಕ್ಸ್’ ಎಂದಿರುತ್ತದೆ. ಇನ್ನೊಂದು 8 ಜಿಬಿ ಹಾಕಿ ಆನ್ ಮಾಡಿದರೆ ಅದೇ ಜಾಗದಲ್ಲಿ ‘ಐರಿಸ್ ಎಕ್ಸ್‌ಇ’! ಚಿಪ್ಪು ಬದಲಾಗಿಲ್ಲ. ರ‍್ಯಾಮ್ ಎರಡು ಚಾನೆಲ್‌ನಲ್ಲಿ, ಅಂದರೆ ಎರಡು ರಾಟೆಯಲ್ಲಿ, ಇದ್ದರೆ ಮಾತ್ರ ಐರಿಸ್ ಎಕ್ಸ್‌ಇ ಎಂಬ ಹೆಸರು ಕೊಡುವುದು ಇಂಟೆಲ್‌ನದೇ ನಿಯಮ. ಗೇಮ್‌ಗಳಲ್ಲಿ ಹೆಸರಷ್ಟೇ ಅಲ್ಲ, ವೇಗವೂ ಕಣ್ಣಿಗೆ ಕಾಣುವಷ್ಟು ಬದಲಾಗುತ್ತದೆ. ರ‍್ಯಾಮ್ ಪೂರ್ತಿ ಬೆಸುಗೆಯಾದ ತೆಳು ಮಾಡೆಲ್‌ಗಳಲ್ಲಿ ಈ ದಾರಿ ಇಲ್ಲ. ಕೊಳ್ಳುವಾಗಲೇ ಕೇಳಿಕೊಳ್ಳಬೇಕು.

ಇನ್ನೊಂದು ಮೋಸ ‘8 ಜಿಬಿ ಗ್ರಾಫಿಕ್ಸ್’. ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಶೇರ್ಡ್ ಜಿಪಿಯು ಮೆಮೊರಿ’ ಎಂದು ಕಾಣುವುದು ಸಾಮಾನ್ಯವಾಗಿ ನಿಮ್ಮದೇ ರ‍್ಯಾಮ್‌ನ ಅರ್ಧ. ಅದನ್ನು ತೋರಿಸಿ ಕಾರ್ಡು ಇದೆ ಅನ್ನುವ ಮಾರಾಟಗಾರರಿಂದ ದೂರವಿರಿ.

ಡೆಡಿಕೇಟೆಡ್ ಬೇಕೇ ಬೇಕು ಎಂದಾದರೆ ಹೆಸರಿಗಿಂತ ವ್ಯಾಟ್ ನೋಡಿ. ಆರ್‌ಟಿಎಕ್ಸ್ 4050 ಎಂಬ ಒಂದೇ ಹೆಸರಿನಲ್ಲಿ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಲ್ಯಾಪ್‌ಟಾಪ್‌ಗಳಿವೆ. ಕಂಪನಿಯ ವಿವರಪಟ್ಟಿಯಲ್ಲಿ ‘ಟಿಜಿಪಿ’ (ಗ್ರಾಫಿಕ್ಸ್‌ಗೆ ಸಿಗುವ ಗರಿಷ್ಠ ವ್ಯಾಟ್) ಎಂದು ಹುಡುಕಿ. ಸಿಗದಿದ್ದರೆ ಚಾರ್ಜರ್ ನೋಡಿ. ಇಟ್ಟಿಗೆ ಗಾತ್ರದ್ದಿದ್ದರೆ ಒಳಗೆ ಕಸುವಿದೆ, ಬೆನ್ನಿಗೆ ಭಾರವೂ ಇದೆ. ಚಾರ್ಜರ್ ಕಿತ್ತರೆ ಆ ಕಸುವಿನ ದೊಡ್ಡ ಪಾಲು ಹೋಗುತ್ತದೆ, ಬ್ಯಾಟರಿ ಅಷ್ಟು ವ್ಯಾಟ್ ಕೊಡಲಾರದು. ಅನೇಕ ಗೇಮಿಂಗ್ ಮಾಡೆಲ್‌ಗಳಲ್ಲಿ ಎಚ್‌ಡಿಎಂಐ ತಂತಿ ಡೆಡಿಕೇಟೆಡ್ ಚಿಪ್ಪಿಗೇ ಹೋಗಿರುತ್ತದೆ. ಪ್ರೊಜೆಕ್ಟರ್‌ಗೆ ಜೋಡಿಸಿ ಬರೀ ಸ್ಲೈಡ್ ತೋರಿಸಿದರೂ ಬ್ಯಾಟರಿ ಸೋರುವುದು ಅದಕ್ಕೇ.

ಹಾಗಾದರೆ ಯಾರಿಗೆ ಬೇಕು? ಕೋಡಿಂಗ್, ಟ್ಯಾಲಿ, ಎಕ್ಸೆಲ್, ಆಟೋಕ್ಯಾಡ್‌ನ 2ಡಿ ಡ್ರಾಯಿಂಗ್ ಇವಕ್ಕೆಲ್ಲ ಬೇಡ. ದೊಡ್ಡ ರೆವಿಟ್ ಮಾಡೆಲ್, ಸಾಲಿಡ್‌ವರ್ಕ್ಸ್ ಅಸೆಂಬ್ಲಿ, ಬ್ಲೆಂಡರ್ ರೆಂಡರಿಂಗ್ ಮಾಡುವವರಿಗೆ ಬೇಕು. ಮಷೀನ್ ಲರ್ನಿಂಗ್ ಹೆಸರಲ್ಲಿ ಕೇಳುವವರೇ ಈಗ ಜಾಸ್ತಿ. ಇಂಥ ಲೆಕ್ಕಾಚಾರವನ್ನು ಗ್ರಾಫಿಕ್ಸ್ ಚಿಪ್ಪಿನಲ್ಲಿ ಮಾಡಿಸುವ ಕ್ಯೂಡಾ ಸಾಫ್ಟ್‌ವೇರ್ ನಡೆಯುವುದು ಎನ್‌ವಿಡಿಯಾ ಚಿಪ್ಪಿನ ಮೇಲೆ, ನಿಜ. ಆದರೆ 4050ರ 6 ಜಿಬಿ ಮೆಮೊರಿ ಸ್ವಲ್ಪ ದೊಡ್ಡ ಎಐ ಮಾಡೆಲ್‌ಗೂ ಸಾಲದು. ಮೊದಲ ವರ್ಷದ ಹುಡುಗರು ಗೂಗಲ್‌ನ ಕಂಪ್ಯೂಟರನ್ನು ಬ್ರೌಸರ್‌ನಲ್ಲೇ ಬಳಸಲು ಬಿಡುವ ಗೂಗಲ್ ಕೋಲ್ಯಾಬ್‌ನಲ್ಲಿ ಶುರುಮಾಡಲಿ.

ಮದುವೆ ವಿಡಿಯೊ ಎಡಿಟ್ ಮಾಡುವವರ ಲೆಕ್ಕವೇ ಬೇರೆ. ಈಗಿನ ಕ್ಯಾಮೆರಾಗಳ, ಬಣ್ಣದ ವಿವರ ಹೆಚ್ಚು ಉಳಿಸುವ 10 ಬಿಟ್ 4:2:2 ಎಚ್.265 ಬಗೆಯ ವಿಡಿಯೊ ಫೈಲನ್ನು ಆರ್‌ಟಿಎಕ್ಸ್ 30 ಮತ್ತು 40 ಸರಣಿಯ ಚಿಪ್ಪುಗಳು ಹಾರ್ಡ್‌ವೇರ್‌ನಲ್ಲಿ ಬಿಡಿಸಲಾರವು. 50 ಸರಣಿಗೆ ಬಂದಮೇಲಷ್ಟೇ ಆ ಸೌಕರ್ಯ ಸಿಕ್ಕಿದ್ದು. 11ನೇ ಮತ್ತು ನಂತರದ ಪೀಳಿಗೆಯ ಇಂಟೆಲ್‌ನ ಇಂಟಿಗ್ರೇಟೆಡ್ ಗ್ರಾಫಿಕ್ಸ್ ಅದನ್ನು ಸಲೀಸಾಗಿ ಓದುತ್ತದೆ. ಆದ್ದರಿಂದ ಆರ್‌ಟಿಎಕ್ಸ್ 40 ಸರಣಿ ಕೊಳ್ಳುವ ಎಡಿಟರ್‌ಗಳಿಗೆ ಜೊತೆಯ ಪ್ರೊಸೆಸರ್ ಇಂಟೆಲ್‌ನದೇ ಇರಲಿ ಎನ್ನುತ್ತೇನೆ. ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪುಟದಲ್ಲಿ) ಇಂಟಿಗ್ರೇಟೆಡ್ ಆಫ್ ಆಗಿದೆಯೇ ಎಂದೂ ಒಮ್ಮೆ ನೋಡಿಕೊಳ್ಳಿ. ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ವೇಗ ಸಿಗಲೆಂದು ಅದನ್ನು ಆಫ್ ಮಾಡಿಟ್ಟು, ಆಮೇಲೆ ಟೈಮ್‌ಲೈನ್ ತಡವರಿಸುತ್ತಿದೆ ಎಂದು ಬರುವವರಿದ್ದಾರೆ.