ಪದ ಪರಿಚಯ: ಹಿಡಿತ

ಮಣಿಕಟ್ಟು ಮುರಿದು ಹಾಕಿಸಿದ್ದ ಆರು ವಾರದ ಸಿಮೆಂಟ್ ಪಟ್ಟಿ ಬಿಚ್ಚಿಸಿಕೊಂಡು ಬಂದ ಅವ್ವನ ಬಲಗೈ ನೋಡಿ, ಫಿಸಿಯೋಥೆರಪಿ ಮೇಡಂ ಚೀಟಿಯಲ್ಲಿ ‘ಹಿಡಿತ ಕಡಿಮೆ’ ಎಂದು ಬರೆದರು. ಓದಿ ಹೇಳಿದಾಗ ಅವ್ವ ಒಪ್ಪಲೇ ಇಲ್ಲ. “ಕಡಿಮಿ ಎಲ್ಲೈತ್ರಿ ಮೇಡಮ್ಮಾರ? ಕೈ ಪೂರಾ ಹಿಡಕೊಂಡೈತಿ. ಬಿಡವಲ್ದು ನೋಡ್ರಿ.”

ಇಬ್ಬರ ಮಾತೂ ಸರಿಯೇ. ನಮ್ಮ ಕೊಪ್ಪಳದ ಕಡೆ ಸೊಂಟ ಹಿಡಿಯುತ್ತದೆ, ಕುತ್ತಿಗೆ ಹಿಡಿಯುತ್ತದೆ, ಹೆಗಲು ಹಿಡಕೊಳ್ಳುತ್ತದೆ. ಅಲ್ಲಿ ಹಿಡಿಯುವುದೆಂದರೆ ಸೆಟೆದು ನಿಲ್ಲುವುದು. ಮೇಡಂ ಬರೆದ ಹಿಡಿತ ಬೇರೆ: ಬೇಕೆಂದಾಗ ಹಿಡಿದು, ಸಾಕೆಂದಾಗ ಬಿಡುವ ಬಲ. ಒಂದು ಹಿಡಿ ಜೋಳ, ಕುಡಗೋಲಿನ ಹಿಡಿಕೆ ಎನ್ನುವಾಗ ಇರುವುದು ಈ ಅರ್ಥ. ಕೈಗೆ ಮಾಡಿಸುವ ವ್ಯಾಯಾಮಗಳಲ್ಲಿ ಮುಕ್ಕಾಲು ಪಾಲು ಮೊದಲನೆಯ ಹಿಡಿತವನ್ನು ಬಿಡಿಸಿ ಎರಡನೆಯದನ್ನು ತರುವ ಕೆಲಸವೇ.

ಹಿಡಿತ ಬೆರಳಲ್ಲಿದೆ ಎಂದು ನಾವು ತಿಳಿದಿರುತ್ತೇವೆ. ಬೆರಳೊಳಗೆ ಎಲುಬಿದೆ, ಹುರಿಯಂಥ ಸ್ನಾಯುರಜ್ಜುಗಳಿವೆ. ಆದರೆ ಬಿಗಿಯಾಗಿ ಮಡಚುವ ದೊಡ್ಡ ಸ್ನಾಯುಗಳಿರುವುದು ಮೊಣಕೈಗೂ ಮಣಿಕಟ್ಟಿಗೂ ನಡುವೆ, ಮುಂಗೈಯಲ್ಲಿ. ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಬಗ್ಗಿಸಿ ಮುಷ್ಟಿ ಬಿಗಿದು ನೋಡಿ, ಬಲವೇ ಬರುವುದಿಲ್ಲ. ತುಸು ಹಿಂದಕ್ಕೆ ಎತ್ತಿ ಬಿಗಿಯಿರಿ, ಮುಷ್ಟಿ ಕಲ್ಲಾಗುತ್ತದೆ. ಅದಕ್ಕೇ ಮೇಡಂ ಮೊದಲ ವಾರವೆಲ್ಲ ಬೆರಳಿನ ಜೊತೆಗೆ ಮಣಿಕಟ್ಟನ್ನೇ ಹಿಂದೆ ಮುಂದೆ ಆಡಿಸಿದರು. ಹೆಗಲಿನದೂ ಅಷ್ಟೇ. ಕೈಯನ್ನು ವಸ್ತುವಿನ ತನಕ ಒಯ್ಯುವುದು ಹೆಗಲು. ಅದು ಏಳದಿದ್ದರೆ ಅಟ್ಟದ ಮೇಲಿನ ಡಬ್ಬಿಗೆ ಯಾವ ಹಿಡಿತವೂ ಸಿಗದು. ಜೋಳಿಗೆಯಲ್ಲಿ ಕೈ ಇಟ್ಟುಕೊಂಡು ಅವ್ವನ ಹೆಗಲೂ ಹಿಡಿದಿತ್ತು. ಪಟ್ಟಿ ಹಾಕಿದಲ್ಲಿ “ಬೆರಳು, ಮೊಣಕೈ, ಹೆಗಲು ದಿನಾ ಆಡಸ್ರಿ” ಎಂದು ಯಾರೂ ಹೇಳಲಿಲ್ಲ. ಹೇಳಬೇಕಿತ್ತು. ಆಮೇಲೆ ಗೋಡೆಯ ಮೇಲೆ ಬೆರಳುಗಳನ್ನು ಇರುವೆ ಹತ್ತಿದಂತೆ ಹತ್ತಿಸುವುದು, ತಲುಪಿದಲ್ಲಿ ಇದ್ದಿಲಿನ ಗೆರೆ ಎಳೆಯುವುದು ನಡೆಯಿತು. ನಮ್ಮ ಪಡಸಾಲೆಯ ಗೋಡೆಯಲ್ಲಿ ಆ ಗೆರೆಗಳು ಇನ್ನೂ ಇವೆ.

ಹಿಡಿತದಲ್ಲಿ ಎರಡು ಬಗೆ ಎಂದು 1956ರಲ್ಲಿ ಬ್ರಿಟಿಷ್ ಅಂಗರಚನಾ ತಜ್ಞ ಜಾನ್ ನೇಪಿಯರ್ ವಿಂಗಡಿಸಿದರು. ಇಡೀ ಅಂಗೈ ಸುತ್ತಿಕೊಂಡು ಹಿಡಿಯುವುದು ಬಲದ ಹಿಡಿತ: ಸಲಿಕೆ, ಬಿಂದಿಗೆಯ ಕಂಠ, ಬಸ್ಸಿನ ಕಂಬಿ. ಬೆರಳ ತುದಿ ಮತ್ತು ಹೆಬ್ಬೆರಳ ನಡುವೆ ಹಿಡಿಯುವುದು ನಾಜೂಕಿನ ಹಿಡಿತ: ರಾಯಚೂರಿನ ಹೊಲದಲ್ಲಿ ಹತ್ತಿ ಬಿಡಿಸುವ ಬೆರಳು, ಸಂಡೂರಿನ ಲಂಬಾಣಿ ಕಸೂತಿಯ ಸೂಜಿ, ಕಿನ್ನಾಳದ ಗೊಂಬೆಗೆ ಕಣ್ಣು ಬರೆಯುವ ಕುಂಚ. ಒಂದು ಬಂದರೆ ಇನ್ನೊಂದು ತಾನಾಗಿ ಬರುವುದಿಲ್ಲ. ಅವ್ವ ಬಕೆಟ್ ಎತ್ತಿದ ಎಷ್ಟೋ ದಿನಗಳ ಮೇಲೆ ರವಿಕೆಯ ಗುಂಡಿ ಹಾಕಿಕೊಂಡಳು.

ಹಿಡಿತದ ಬಲ ಅಳೆಯಲು ಡೈನಮೋಮೀಟರ್ ಎಂಬ ಉಪಕರಣ ಇದೆ. ಕುಳಿತು, ಮೊಣಕೈಯನ್ನು ಮೈಗೆ ಒತ್ತಿ 90 ಡಿಗ್ರಿ ಮಡಚಿ, ಮೂರು ಸಲ ಹಿಚುಕಬೇಕು. ವಯಸ್ಸಾದವರಲ್ಲಿ ಸ್ನಾಯು ಸವೆತ ಗುರುತಿಸಲು ಏಷ್ಯಾದ ತಜ್ಞರ ಗುಂಪು 2019ರಲ್ಲಿ ಇಟ್ಟ ಗಡಿ ಗಂಡಸರಿಗೆ 28 ಕೆಜಿ, ಹೆಂಗಸರಿಗೆ 18 ಕೆಜಿ; ಅದಕ್ಕಿಂತ ಕೆಳಗಿದ್ದರೆ ಕಡಿಮೆ ಎಂದು ಲೆಕ್ಕ. ಅವ್ವನ ಎಡಗೈ 19 ತೋರಿಸಿತು, ಬಲಗೈ 6.

ಬಲ ತರಿಸುವ ಸಾಮಾನು ನಮ್ಮ ಅಡುಗೆಮನೆಯಲ್ಲೇ ಇತ್ತು. ಥೆರಪಿಗೆಂದು ಮಾರುವ ಜಿಗುಟು ಮುದ್ದೆಯ ಬದಲು ಮೇಡಂ ನಾದಿದ ಹಿಟ್ಟು ಸಾಕೆಂದರು: ಮೊದಲು ಮೆತ್ತಗಿನ ಗೋಧಿ ಹಿಟ್ಟು, ಆಮೇಲೆ ಗಟ್ಟಿ ಜೋಳದ ಹಿಟ್ಟು. ಜೋಳಕ್ಕೆ ಕುದಿಯುವ ಎಸರು ಹಾಕುತ್ತೇವಲ್ಲ, ಅದು ಆರುವ ತನಕ ಕೈ ಹಾಕಕೂಡದು. ಸ್ಪರ್ಶ ಮಂಕಾದ ಕೈಗೆ ಸುಟ್ಟದ್ದು ಗೊತ್ತಾಗುವುದಿಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಕ್ಕಿಯ ಬಕೆಟ್. ಗಂಗಾವತಿಯ ಸೋನಾ ಮಸೂರಿ ಅರ್ಧ ಬಕೆಟ್ ತುಂಬಿ, ಮುಷ್ಟಿಯನ್ನು ಒಳಗೆ ಇಳಿಸಿ, ಅಕ್ಕಿಯ ಒತ್ತಡಕ್ಕೆ ಎದುರಾಗಿ ಬೆರಳುಗಳನ್ನು ಅರಳಿಸುವುದು. ಹಿಚುಕುವ ವ್ಯಾಯಾಮ ಎಲ್ಲರಿಗೂ ಗೊತ್ತು; ಬಿಚ್ಚುವ ಸ್ನಾಯುಗಳಿಗೂ ಕೆಲಸ ಕೊಡಬೇಕೆಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಲಕ್ವಾ ಹೊಡೆದವರ ಮನೆಗಳಲ್ಲಿ ಇದನ್ನು ಒತ್ತಿ ಹೇಳಬೇಕು. ನೋಡಲು ಬಂದವರೆಲ್ಲ ಒಂದು ರಬ್ಬರ್ ಚೆಂಡು ತಂದುಕೊಟ್ಟು “ಹಿಚುಕು” ಅನ್ನುತ್ತಾರೆ. ಲಕ್ವಾ ಆದ ಎಷ್ಟೋ ಜನರ ಬೆರಳುಗಳು ತಾವಾಗಿ ಮುಷ್ಟಿಗಟ್ಟುತ್ತವೆ. ಅಂಥ ಕೈಗೆ ಬೇಕಾದ್ದು ಬಿಚ್ಚುವ ಅಭ್ಯಾಸ. ಬರೀ ಹಿಚುಕಿದರೆ ಸೆಟೆತ ಹೆಚ್ಚಬಹುದು. ಅಲ್ಲಿ ಕೆಟ್ಟಿರುವುದು ಸ್ನಾಯುವಲ್ಲ, ಮಿದುಳಿನಿಂದ ಬರುವ ಅಪ್ಪಣೆ. ಅಪ್ಪಣೆಯ ಹೊಸ ದಾರಿ ಮೂಡಲು ಒಂದೇ ಕೆಲಸವನ್ನು ನೂರಾರು ಸಲ ಮಾಡಬೇಕು. ಬೆರಳು, ಮಣಿಕಟ್ಟು ಅಷ್ಟಿಷ್ಟಾದರೂ ಎತ್ತಲು ಬರುವವರಿಗೆ, ಚೆನ್ನಾಗಿರುವ ಕೈಗೇ ಗವಸು ಹಾಕಿ ಸೋತ ಕೈಯಿಂದ ಕೆಲಸ ಮಾಡಿಸುವ ಪದ್ಧತಿಯೂ ಇದೆ. ಅಮೆರಿಕದ ಎಡ್ವರ್ಡ್ ಟಾಬ್ ಅದನ್ನು ರೂಪಿಸಿದವರು. ಇನ್ನೊಂದು ಮಾತು, ದಯವಿಟ್ಟು ಮನೆಯವರು ಕೇಳಿ: ಲಕ್ವಾ ಆದವರನ್ನು ಸೋತ ತೋಳು ಹಿಡಿದು ಎಳೆದು ಎಬ್ಬಿಸಬೇಡಿ. ಸ್ನಾಯು ಸಡಿಲವಾದ ಹೆಗಲಿನ ಕೀಲು ಜಾರುತ್ತದೆ, ಆ ನೋವು ಮುಂದಿನ ವ್ಯಾಯಾಮವನ್ನೆಲ್ಲ ತಡೆಯುತ್ತದೆ.

ಅವ್ವನಿಗೆ ಮೂರು ತಿಂಗಳಾಗಿದೆ. ಬಲಗೈ 14 ಕೆಜಿಗೆ ಬಂದಿದೆ, ಹಿಟ್ಟು ನಾದುತ್ತಾಳೆ, ರೊಟ್ಟಿ ಬಡಿಯುತ್ತಾಳೆ. ಅಂಗೈಯನ್ನು ಪೂರ್ತಿ ಮೇಲ್ಮುಖ ಮಾಡುವುದು ಮಾತ್ರ ಬಾಕಿ. ಮಣಿಕಟ್ಟು ಮುರಿದವರಿಗೆ ಈ ಹೊರಳು ಬರುವುದು ಹಲವು ಸಲ ತಡ. ಅದಕ್ಕಾಗಿ ದಿನಾ ಸಂಜೆ ಉದ್ದನೆಯ ಸೌಟು ಹಿಡಿದು ಗಡಿಯಾರದ ಲೋಲಕದ ಹಾಗೆ ಆ ಕಡೆ ಈ ಕಡೆ ವಾಲಿಸುತ್ತಾಳೆ. ಸದ್ಯಕ್ಕೆ ಬಡಿದ ರೊಟ್ಟಿಯನ್ನು ಅಂಗೈ ಮೇಲೆ ತಗೊಂಡು ಹಂಚಿಗೆ ಹಾಕುವವನು ನಾನು. “ಹರೀತೈತಿ, ಸಾವಕಾಶ,” ಅನ್ನುತ್ತಾಳೆ.