ಅನ್ಯೋನ್ಯತೆ: ಟೀ ಬಿಸ್ಕತ್ತಿನ ಇನ್ನೊಂದು ಹೆಸರಲ್ಲ

ಹಾಸನದಲ್ಲಿ ಮೊನ್ನೆ ಚರ್ಚಿನ ಕೂಟದ ಮತ್ತೊಂದು ಬ್ಯಾನರ್ ಕಂಡೆ: ‘ಅನನ್ಯತಾ ಕೂಟಕ್ಕೆ ಸ್ವಾಗತ’. ಈ ವರ್ಷ ಇದು ಮೂರನೆಯದು. ಅನನ್ಯ ಅಂದರೆ ಅನ್ಯವೇ ಇಲ್ಲದ್ದು, ತನ್ನಂಥ ಇನ್ನೊಂದಿಲ್ಲದ್ದು. ಹಾಗಾದರೆ ಇದು ಒಬ್ಬರೇ ಕೂರುವ ಕೂಟ! ಅಲ್ಲಿರಬೇಕಾದ ಪದ ಅನ್ಯೋನ್ಯತೆ, ಒಬ್ಬರಿಗೊಬ್ಬರು ಆತುಕೊಂಡಿರುವುದು.

ಕಾಗುಣಿತ ಸರಿ ಇರುವ ಕಡೆಯೂ ಅರ್ಥ ಜಾರುತ್ತದೆ. ಆರಾಧನೆ ಮುಗಿಯುತ್ತಲೇ ‘ಹೊರಗೆ ಅನ್ಯೋನ್ಯತೆ ಇದೆ, ಯಾರೂ ಹಾಗೇ ಹೋಗಬೇಡಿ’ ಎನ್ನುತ್ತಾರೆ. ಹೊರಗಿರುವುದು ಟೀ, ಬಿಸ್ಕತ್ತು. ಕ್ರಿಸ್ಮಸ್ ಹೊತ್ತಾದರೆ ಬಿರಿಯಾನಿ. ಬಿರಿಯಾನಿ ಬಗ್ಗೆ ನನ್ನ ತಕರಾರಿಲ್ಲ.

ಪದ ಬಿಡಿಸಿ ನೋಡಿ. ಸಂಸ್ಕೃತದ ‘ಅನ್ಯ’ ಎರಡು ಸಲ ಬಂದು, ಸಂಧಿಯಾಗಿ ‘ಅನ್ಯೋನ್ಯ’ ಆಗಿದೆ. ಗಂಡ ಹೆಂಡತಿ ಅನ್ಯೋನ್ಯವಾಗಿದ್ದಾರೆ ಎಂದಾಗ ಎರಡು ದೇಹ ಒಂದೇ ಜೀವ ಅಂದುಕೊಳ್ಳುತ್ತೇವೆ. ಪದದೊಳಗೆ ಆ ಒಂದೇ ಜೀವ ಇಲ್ಲ. ಇಬ್ಬರು ಬೇರೆಯವರು ಎದುರುಬದುರು ಕೂತಿದ್ದಾರೆ, ಅಷ್ಟೆ.

ಕನ್ನಡ ಬೈಬಲಿನಲ್ಲಿ ಇದು ಹೊಸ ಒಡಂಬಡಿಕೆಯ ಮೂಲ ಭಾಷೆಯಾದ ಗ್ರೀಕಿನ ‘ಕೊಯ್ನೊನಿಯ’ಕ್ಕೆ ಬಂದ ಪದ. ಅದರ ಬೇರು ‘ಕೊಯ್ನೊಸ್’, ಅಂದರೆ ಎಲ್ಲರಿಗೂ ಸೇರಿದ್ದು. ಲೂಕ 5:10ರಲ್ಲಿ ಯಾಕೋಬ, ಯೋಹಾನರು ಸೀಮೋನನಿಗೆ ‘ಕೊಯ್ನೊನೊಯ್’, ಮೀನುಗಾರಿಕೆಯ ಪಾಲುಗಾರರು. ರೋಮಾಪುರ 15:26ರಲ್ಲಿ ಯೆರೂಸಲೇಮಿನ ಬಡವರಿಗಾಗಿ ಎತ್ತಿದ ಹಣಕ್ಕೂ ಕೊಯ್ನೊನಿಯ ಎಂದೇ ಹೆಸರು. ಅಂದರೆ ಬಲೆ, ದೋಣಿ, ದುಡ್ಡು ಎಲ್ಲ ಇರುವ ಪದ. ಸುಮ್ನೆ ಕೈಕುಲುಕಿ ನಗುವುದಕ್ಕಿಂತ ಜಾಸ್ತಿ.

ಇದಕ್ಕಿಂತ ನನಗೆ ಇಷ್ಟವಾಗುವ ಸಂಗತಿ ಬೇರೆ. ಗ್ರೀಕಿನಲ್ಲಿ ‘ಅಲ್ಲೆಲೋನ್’ ಅಂತ ಒಂದು ಪದವಿದೆ. ‘ಅಲ್ಲೊಸ್’, ಅಂದರೆ ಅನ್ಯ, ಎರಡು ಸಲ ಸೇರಿ ಆದದ್ದು. ಥೇಟ್ ನಮ್ಮ ಅನ್ಯೋನ್ಯ! ಒಬ್ಬರ ಭಾರ ಇನ್ನೊಬ್ಬರು ಹೊರಿ ಎನ್ನುವ ಗಲಾತ್ಯ 6:2ರಲ್ಲಿ, ತಪ್ಪುಗಳನ್ನು ಒಬ್ಬರಿಗೊಬ್ಬರು ಒಪ್ಪಿಕೊಳ್ಳಿ ಎನ್ನುವ ಯಾಕೋಬ 5:16ರಲ್ಲಿ ಇರುವುದು ಇದೇ ಪದ. ಕೊಯ್ನೊನಿಯಕ್ಕೆ ಅನ್ಯೋನ್ಯತೆ ಎಂದು ಬರೆದಾಗ ಅದರ ಜೊತೆಗೆ ಅಲ್ಲೆಲೋನ್ ಕೂಡ ಒಳಗೆ ಬಂದುಬಿಟ್ಟಿದೆ.

ಹಾಗಾಗಿ ಶೆಟ್ಟಿಹಳ್ಳಿಯ ಮುಳುಗುವ ಚರ್ಚಿನ ಮುಂದೆ ಸೆಲ್ಫಿ ತೆಗೆದು ‘ದೇವಾಲಯದ ಜೊತೆ ಅನ್ಯೋನ್ಯತೆ’ ಎಂದು ಸ್ಟೇಟಸ್ ಹಾಕುವವರಿಗೆ ಒಂದು ಮಾತು. ಹೇಮಾವತಿ ಹಿನ್ನೀರಿನ ಗೋಡೆ ನಿಮ್ಮ ಭಾರ ಹೊರುವುದಿಲ್ಲ. ಯೂಟ್ಯೂಬಿನ ಪ್ರಸಂಗಿಯೂ ಅಷ್ಟೆ. ನೀವು ಎರಡು ವಾರ ಪ್ರಾರ್ಥನೆ ಬಿಟ್ಟರೆ ಅವರಿಗೆ ಗೊತ್ತಾಗುತ್ತದಾ?

ನಮ್ಮ ಕಡೆ ಇದಕ್ಕೆ ಹತ್ತಿರದ ಪದ ಮುಯ್ಯಾಳು. ಇವತ್ತು ನಾನು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ಆದರೆ ಮುಯ್ಯಿಗೆ ಲೆಕ್ಕವಿದೆ, ಬಂದ ಆಳಿಗೆ ಆಳು ತೀರಿಸಬೇಕು. ಅನ್ಯೋನ್ಯತೆಯಲ್ಲಿ ಆ ಲೆಕ್ಕ ಇಡುವಂತಿಲ್ಲ. ಒಂದು ಕಷ್ಟದ ವರ್ಷ ನನ್ನ ಬಾಯಲ್ಲಿ ಪ್ರಾರ್ಥನೆಯೇ ಹೊರಡುತ್ತಿರಲಿಲ್ಲ. ಬುಧವಾರದ ಮನೆಕೂಟದಲ್ಲಿ ಪಕ್ಕದ ಬೀದಿಯ ಅಜ್ಜಿಯೊಬ್ಬರು ಪ್ರತಿ ವಾರ ನನ್ನ ಪಾಲಿನದನ್ನೂ ಮಾಡುತ್ತಿದ್ದರು. ಅವರಿಗೆ ನಾನು ಏನನ್ನೂ ತೀರಿಸಲಿಲ್ಲ.

ಹೀಗೆ ಒಬ್ಬರಿಗೊಬ್ಬರು ಆತುಕೊಳ್ಳುವುದು ಅಂದರೆ ಎಲ್ಲವನ್ನೂ ಇನ್ನೊಬ್ಬರ ತಲೆಗೆ ಕಟ್ಟುವುದು ಎಂದೂ ಅಲ್ಲ. ಅದೇ ಗಲಾತ್ಯ 6, ಮೂರೇ ವಚನ ದಾಟಿ, ತನ್ನ ಹೊರೆ ತಾನೇ ಹೊರಬೇಕು ಎನ್ನುತ್ತದೆ. ಗ್ರೀಕಿನಲ್ಲಿ ಅಲ್ಲಿ ಪದವೇ ಬೇರೆ: ಮೊದಲಿನದು ‘ಬರೊಸ್’, ಒಬ್ಬರಿಂದ ಎತ್ತಲಾಗದ ಭಾರ. ಎರಡನೆಯದು ‘ಫೊರ್ತಿಯೊನ್’, ಅವರವರ ಪಾಲಿನ ಮೂಟೆ.

ಫ್ಲೆಕ್ಸ್ ಅಂಗಡಿಗೆ ವಾಟ್ಸ್ಆ್ಯಪ್ ಮಾಡುವ ಮುನ್ನ ಮೊದಲ ನ್ಯ-ಗೆ ಓತ್ವ ಇದೆಯಾ ನೋಡಿಕೊಳ್ಳಿ. ಕೆಳಗೆ ‘ಟೀ ವ್ಯವಸ್ಥೆ ಇದೆ’ ಎಂದು ಬೇರೆ ಸಾಲಿನಲ್ಲಿ ಹಾಕಿ.