ಮರದ ತೇವಾಂಶ: ಭಾಗಿಸಬೇಕಾದ್ದು ಒಣ ತೂಕದಿಂದ

ಉಳಿ ಮಸೆಯುವುದು, ಕೀಸುಳಿ ಹಾಕುವುದು ಮಾಡುತ್ತಾ ಮಾಡುತ್ತಾ ಕೈಗೆ ಬರುತ್ತದೆ. ಪೀಠೋಪಕರಣದ ಕೆಲಸ ಕಲಿಯುವಾಗ ನನ್ನನ್ನು ತುಂಬಾ ಹೊತ್ತು ಹಿಡಿದು ನಿಲ್ಲಿಸಿದ್ದು ತೇವಾಂಶದ ಲೆಕ್ಕ.

ಹಸಿ ತೂಕದಲ್ಲಿ ಒಣ ತೂಕ ಕಳೆಯಿರಿ. ಉಳಿದದ್ದನ್ನು ಒಣ ತೂಕದಿಂದ ಭಾಗಿಸಿ, 100ರಿಂದ ಗುಣಿಸಿ. ಇಲ್ಲಿ ಒಣ ತೂಕ ಅಂದರೆ ಬಿಸಿಲಲ್ಲಿ ಒಣಗಿದ ಮರದ್ದಲ್ಲ. ತುಂಡನ್ನು ಓವನ್‌ನಲ್ಲಿ ಸುಮಾರು 103 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ತೂಕ ಇಳಿಯುವುದು ಪೂರ್ತಿ ನಿಂತ ಮೇಲೆ ಬರುವ ತೂಕ.

ತೇಗದ ತುಂಡೊಂದು 240 ಗ್ರಾಂ ಇತ್ತು, ಒಣಗಿದ ಮೇಲೆ 200 ಆಯಿತು ಅನ್ನಿ. ಹೋದ ನೀರು 40 ಗ್ರಾಂ. 40ನ್ನು 200ರಿಂದ ಭಾಗಿಸಿದರೆ 20%. 240ರಿಂದ ಭಾಗಿಸಿದರೆ 16.7% ಬರುತ್ತದೆ, ಅದು ತಪ್ಪು. ಒಟ್ಟು ತೂಕದಲ್ಲಿ ನೀರೆಷ್ಟು ಅಂತ ನೋಡುವುದೇ ಸಹಜ ಅಲ್ವಾ? ಆದರೆ ಅದೇ ತುಂಡಿನ ತೂಕ ಜುಲೈನಲ್ಲಿ ಒಂದು, ಮಾರ್ಚ್‌ನಲ್ಲಿ ಇನ್ನೊಂದು. ಬದಲಾಗದೆ ಉಳಿಯುವುದು ಒಣ ತೂಕ ಮಾತ್ರ, ಅದಕ್ಕೇ ಅದರಿಂದ ಭಾಗಿಸುವುದು. ಆಗಷ್ಟೇ ಕಡಿದ ಮರದ ತೇವಾಂಶ 100% ದಾಟಬಹುದು ಅನ್ನುವುದೂ ಆಗ ಅರ್ಥವಾಗುತ್ತದೆ: ಮರಕ್ಕಿಂತ ಅದರೊಳಗಿನ ನೀರೇ ಭಾರ.

ಇನ್ನು ಕುಗ್ಗುವ ಲೆಕ್ಕ. ಸುಮಾರು 30%ಗೆ ಇಳಿಯುವ ತನಕ ಮರದ ಅಳತೆ ಬದಲಾಗುವುದಿಲ್ಲ. ಅಲ್ಲಿಂದ ಕೆಳಗೆ ಹೋದಂತೆ ಅಗಲ ಕುಗ್ಗುತ್ತದೆ, ಉದ್ದ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ತೇಗ 30ರಿಂದ ಸೊನ್ನೆಗೆ ಬಂದರೆ ಉಂಗುರಗಳ ಗುಂಟ ಸುಮಾರು 5.8% ಕುಗ್ಗುತ್ತದೆ. ಹಲಗೆ 18ರಿಂದ 12ಕ್ಕೆ ಇಳಿದರೆ ಬದಲಾವಣೆ 6, ಅಂದರೆ 30ರಲ್ಲಿ ಐದನೇ ಒಂದು ಭಾಗ. ಹಾಗಾಗಿ ಕುಗ್ಗುವುದು ಸುಮಾರು 1.16%. 300 ಮಿ.ಮೀ. ಅಗಲದ ಹಲಗೆಗೆ ಹತ್ತಿರ ಹತ್ತಿರ 3.5 ಮಿ.ಮೀ.! ಹಲಸು, ಬೀಟೆಗೆ ಈ ಅಂಕಿ ಬೇರೆ.

ತೀರ್ಥಹಳ್ಳಿ, ಆಗುಂಬೆ ಕಡೆಯ ಮನೆಗಳಲ್ಲಿ ಮಳೆಗಾಲಕ್ಕೆ ಬೀರುವಿನ ಬಾಗಿಲು ಕಚ್ಚಿಕೊಳ್ಳುವುದು ಇದರಿಂದಲೇ: ತೇವ ಹೀರಿದ ಮರ ಮತ್ತೆ ಹಿಗ್ಗುತ್ತದೆ. ಆಗಸ್ಟ್‌ನಲ್ಲಿ ಬಿಗಿ ಅಂತ ಸುಮ್ನೆ ಕೀಸಿಬಿಟ್ಟರೆ ಬೇಸಿಗೆಯಲ್ಲಿ ಸಂದು ಕಾಣುತ್ತದೆ. ಹಳೇ ಬಾಗಿಲಿನ ಚೌಕಟ್ಟಿನ ತೋಡಿನಲ್ಲಿ ಹಲಗೆ ಅಲುಗಾಡಿದರೆ ಫೆವಿಕಾಲ್ ತುಂಬಬೇಡಿ. ಮಾಡಿದವರು ಆ ಜಾಗ ಬೇಕಂತಲೇ ಬಿಟ್ಟಿರುತ್ತಾರೆ. ಅಂಟು ಹಾಕಿದ ಹಲಗೆಗೆ ಕುಗ್ಗಲು ದಾರಿಯಿಲ್ಲದೆ ನಡುವೆ ಸೀಳು ಬಿಡುತ್ತದೆ.

ಪಾಲಿಶ್ ಬಗ್ಗೆ ಒಂದೇ ಮಾತು. ಕಣ್ಣಿಗೆ ಬೀಳದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ ನೋಡಿ. ಅಂಟಂಟಾದರೆ ಅದು ಅರಗಿನ ಪಾಲಿಶ್. ಆ ಹಳೇ ಅರಗಿನ ಪದರ ಎದ್ದುಬರದೆ ಗಟ್ಟಿಯಾಗಿ ಕೂತಿದ್ದರೆ ಪೂರ್ತಿ ಕೆರೆಯಬೇಕಿಲ್ಲ, ಕೊಳೆ ತೆಗೆದು ಮೇಲೆಯೇ ಹೊಸ ಅರಗು ಹಚ್ಚಬಹುದು.